ಹೊಗೆಗೆ ಹಾಲು

ಸಂಜೆಯ ಹೊತ್ತಿಗೆ ನಮ್ಮ ಶೆಡ್ಡಿಗೆ ಹಾಲು ಬರುತ್ತಿತ್ತು. ವೆಲ್ಡರುಗಳಿಗೆ ಮಾತ್ರ. ನಮಗಲ್ಲ.

ನಾವೆಂದರೆ ಹಿಡಿಯುವವರು. ವೆಲ್ಡರು ಎರಡು ಪೈಪುಗಳನ್ನು ಬೆಸೆಯುವಾಗ ಅವು ಅಲ್ಲಾಡಬಾರದು. ಅಲ್ಲಾಡದ ಹಾಗೆ ಹಿಡಿದು ಕುಕ್ಕರಗಾಲಿನಲ್ಲಿ ಕೂರುವುದು ನಮ್ಮ ಕೆಲಸ. ಬೆಸೆದಾದ ಮೇಲೆ ಗಂಟುಗಂಟಾದ ಜಾಗವನ್ನು ಗ್ರೈಂಡರಿನಿಂದ ಉಜ್ಜಿ ನುಣ್ಣಗೆ ಮಾಡುವುದೂ ನಮ್ಮದೇ. ಕಿಡಿಗೂ ವೆಲ್ಡರಿನ ಮೂಗಿಗೂ ಒಂದು ಮೊಳ ದೂರ. ನಮ್ಮ ಮೂಗಿಗೂ ಅಷ್ಟೇ. ಅವರ ಮುಖಕ್ಕೆ ಕಪ್ಪು ಗಾಜಿನ ಹೆಲ್ಮೆಟ್ಟಾದರೂ ಇದೆ. ನಮಗೆ ಹಳೆ ಬಟ್ಟೆಯ ತುಂಡು. ಕಿಡಿ ಹತ್ತುವಾಗ ಮುಖ ಆಚೆ ತಿರುಗಿಸಿ ಕಣ್ಣು ಮುಚ್ಚಿಕೊಳ್ಳಿ ಎಂದು ಮೇಸ್ತ್ರಿ ಮೊದಲ ದಿನವೇ ಹೇಳಿಕೊಟ್ಟಿದ್ದ. ಕಣ್ಣಿಗೆ ರೆಪ್ಪೆ ಇದೆ. ಮೂಗಿಗೆ ಇಲ್ಲ.

ಹಾಲು ಕುಡಿದರೆ ಹೊಗೆ ತೊಳೆದುಕೊಂಡು ಹೋಗುತ್ತದೆ ಎಂದು ಈ ಕಸುಬಿನಲ್ಲಿ ಎಲ್ಲರೂ ನಂಬಿದ್ದಾರೆ. ನಮ್ಮ ಶೆಡ್ಡಿನ ದೊಡ್ಡ ವೆಲ್ಡರು ಉದ್ದಣ್ಣ ನಂಬಿದ್ದ. ಅವನಿಗೆ ಕೆಲಸ ಕಲಿಸಿದ ಗುರುವೂ ನಂಬಿದ್ದನಂತೆ. ಆ ಗುರು ಕೆಮ್ಮಿ ಕೆಮ್ಮಿ ಸತ್ತ.

"ಹಾಲು ಸಾಲಲಿಲ್ಲ ಅಕ್ಕ, ಪಾಪ" ಎಂದು ಉದ್ದಣ್ಣ ಕೆಮ್ಮುತ್ತಲೇ ಹೇಳುತ್ತಿದ್ದ. "ಸರಿಯಾಗಿ ಸಿಕ್ಕಿದ್ರೆ ಇವತ್ತೂ ಇರ್ತಿದ್ದ ಮನುಷ್ಯ."

ನಮ್ಮಲ್ಲಿ ಹಿಡಿಯುವವರು ಇಬ್ಬರು. ನಾನು, ಮತ್ತೆ ಗಿಣಿ. ಯಾರು ಏನು ಹೇಳಿದರೂ ಅದನ್ನು ಅವರದೇ ಧ್ವನಿಯಲ್ಲಿ ತಿರುಗಿ ಒಪ್ಪಿಸುವ ಚಾಳಿ ಇದ್ದದ್ದರಿಂದ ಅವಳಿಗೆ ಆ ಹೆಸರು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಬಾಯಲ್ಲಿ ದೊಡ್ಡವಳು. ಒಂದು ಸಂಜೆ ನಾವಿಬ್ಬರೂ ಯಜಮಾನನ ಮುಂದೆ ಹೋಗಿ ನಿಂತೆವು.

"ಸಾರ್, ನಮಗೂ ಹಾಲು ಬೇಕು" ಎಂದೆ.

"ನೀವು ವೆಲ್ಡಿಂಗ್ ಮಾಡ್ತೀರಾ?"

"ಹಿಡೀತೀವಿ."

"ಹಿಡಿಯೋದಕ್ಕೆ ಯಾಕಮ್ಮ ಹಾಲು? ಟೀ ಬರತ್ತಲ್ಲ."

"ಹೊಗೆ ನಮಗೂ ಬರತ್ತೆ ಸಾರ್."

"ಹೊಗೆ ಎಲ್ಲರಿಗೂ ಬರತ್ತೆ. ಬೀದೀಲಿ ಬಸ್ಸಿನ ಹೊಗೆ ಬರಲ್ವಾ? ಬಸ್ಸಿನೋನು ಹಿಂದೇನೇ ಹಾಲು ತಗೊಂಡು ಬರ್ತಾನಾ?"

ವಾಪಸ್ಸು ಬರುವಾಗ ಗಿಣಿ ಇಡೀ ಶೆಡ್ಡಿಗೆ ಕೇಳುವ ಹಾಗೆ ಯಜಮಾನನ ಗಂಟಲಿನಲ್ಲಿ, "ಬಸ್ಸಿನೋನು ಹಿಂದೇನೇ ಹಾಲು ತಗೊಂಡು ಬರ್ತಾನಾ" ಎಂದಳು. ಎಲ್ಲರೂ ನಕ್ಕರು. ನಕ್ಕು ತಮ್ಮ ತಮ್ಮ ಹಾಲು ಕುಡಿದರು.

ಆ ನಗು ನನಗೆ ಚುಚ್ಚಿತು. ಮಾರನೆಯ ದಿನ ಹಾಲಿನ ತಟ್ಟೆ ಬಂದ ಕೂಡಲೇ ನಾನೂ ಗಿಣಿಯೂ ಹೋಗಿ ಒಂದೊಂದು ಲೋಟ ಎತ್ತಿ ಗಟಗಟ ಕುಡಿದುಬಿಟ್ಟೆವು. ಒಂದು ಲೋಟ ಉದ್ದಣ್ಣನದು.

"ಅಕ್ಕ, ಅದು ನಂದು" ಎಂದ ಅವನು. ಹೆಲ್ಮೆಟ್ಟು ಹಣೆಯ ಮೇಲಿತ್ತು. ಬಾಯಿ ತೆರೆದಿತ್ತು.

"ಹೊಗೆ ಹಂಚ್ಕೊಂಡಿಲ್ವಾ ಅಣ್ಣ? ಹಾಲೂ ಹಂಚ್ಕೋ" ಎಂದಳು ಗಿಣಿ, ಮೀಸೆ ಒರೆಸಿಕೊಳ್ಳುತ್ತಾ. ಹಾಲಿನ ಮೀಸೆ.

ಮಾರನೆಯ ದಿನವೂ ಹಾಗೇ ಮಾಡಿದೆವು. ವೆಲ್ಡರುಗಳು ಹೆಲ್ಮೆಟ್ಟು ಕಳಚಿ ಕೆಳಗಿಟ್ಟರು. ಹಾಲಿಲ್ಲದೆ ವೆಲ್ಡಿಂಗ್ ರಾಡು ಮುಟ್ಟುವುದಿಲ್ಲ ಎಂದರು. ಯಾರು ಎಷ್ಟು ಕೆಮ್ಮಿದರೂ ನಿಲ್ಲದ ಶೆಡ್ಡು ಹಾಲಿಗಾಗಿ ನಿಂತಿತು. ಯಜಮಾನ ಬಂದು ನಮ್ಮನ್ನು ಬೈದ, ಅವರನ್ನು ಬೈದ, ಹಾಲಿನವನನ್ನೂ ಬೈದ. ಕೊನೆಗೆ, "ಆಯ್ತು, ಎಲ್ಲರೂ ಕುಡೀರಿ, ಕರು ತರ" ಎಂದ.

ಮಾರನೆಯ ದಿನದಿಂದ ಎಲ್ಲರಿಗೂ ಹಾಲು. ಹಾಲೇನೂ ಹೆಚ್ಚಾಗಲಿಲ್ಲ. ನೀರು ಹೆಚ್ಚಾಯಿತು. ಆದರೂ ನಾವು ಗೆದ್ದಿದ್ದೆವು. ಅವತ್ತು ನಾನು ಮನೆಗೆ ಚುನಾವಣೆ ಗೆದ್ದವಳ ಹಾಗೆ ನಡೆದುಕೊಂಡು ಹೋದೆ. ಮನೆಯಲ್ಲಿರುವುದು ನಾನು ಮತ್ತು ಮಗಳು, ಇಬ್ಬರೇ. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತಿ, "ಹಾಲು ಕುಡಿದ್ರೆ ಹೊಗೆ ಹೋಗತ್ತೆ ಅಂತ ಯಾರಮ್ಮ ಹೇಳಿದ್ದು?" ಎಂದು ಕೇಳಿದಳು.

"ಎಲ್ಲರೂ ಹೇಳ್ತಾರೆ."

"ಅದೇ, ಯಾರು?"

"ಸುಮ್ನೆ ಓದ್ಕೋ" ಎಂದೆ. ಗೆದ್ದವರಿಗೆ ಇಂಥ ಪ್ರಶ್ನೆ ಹಿಡಿಸುವುದಿಲ್ಲ.

ಆಮೇಲೆ ಜಿಐ ಪೈಪಿನ ಕೆಲಸ ಬಂತು.

ಹೊಸ ಆಸ್ಪತ್ರೆಯೊಂದರ ಮೆಟ್ಟಿಲುಗಳಿಗೆಲ್ಲ ಹಿಡಿಕಂಬಿ ಮಾಡಿಕೊಡಬೇಕಿತ್ತು. "ಗಟ್ಟಿಯಾಗಿ ಮಾಡ್ರೋ, ನಾಳೆ ನಾವೇ ಹಿಡ್ಕೊಂಡು ಹತ್ತಬೇಕು" ಎಂದು ಉದ್ದಣ್ಣ ತಮಾಷೆ ಮಾಡಿದ. ಜಿಐ ಪೈಪೆಂದರೆ ತುಕ್ಕು ಹಿಡಿಯದ ಹಾಗೆ ಮೇಲೆ ಸತುವಿನ ಲೇಪ ಇರುವ ಪೈಪು. ನೋಡಲು ಬೆಳ್ಳಗೆ ಚಂದ. ಬೆಂಕಿ ತಗುಲಿದಾಗ ಆ ಲೇಪ ಉರಿದು ಹೊಗೆಯಾಗುತ್ತದೆ. ಮಾಮೂಲಿ ಕಬ್ಬಿಣದ ಹೊಗೆಯಲ್ಲ ಅದು. ಬಿಳಿ. ದಟ್ಟ. ಹತ್ತಿಯ ಎಳೆಗಳ ಹಾಗೆ ಗಾಳಿಯಲ್ಲಿ ತೇಲುತ್ತದೆ. ಮೊದಲ ದಿನ ಗಿಣಿ ಅದನ್ನು ಕೈಯಿಂದ ಹಿಡಿಯಲು ನೋಡಿದಳು. ನಕ್ಕಳು. ಮಧ್ಯಾಹ್ನದ ಮೇಲೆ ನಗಲಿಲ್ಲ.

ಹೊಗೆ ಹೋಗಲು ಜಾಗವಿರಲಿಲ್ಲ. ಮುಂದೆ ಗಾಜಿನ ಬಾಗಿಲಿನ ಅಂಗಡಿ, ಹಿಂದೆ ಶೆಡ್ಡು, ಮೇಲೆ ಯಜಮಾನನ ಮನೆ. ಶೆಡ್ಡಿನ ಹಿಂಗೋಡೆಯ ಅಗಲಕ್ಕೂ ಒಂದು ದೊಡ್ಡ ಶಟರು ಇತ್ತು, ಗಲ್ಲಿಗೆ ತೆರೆಯುವಂಥದ್ದು. ಮಾಲು ಬರುವಾಗ, ಹೋಗುವಾಗ ಮಾತ್ರ ಅದನ್ನು ಎತ್ತುತ್ತಿದ್ದರು. ಉಳಿದಂತೆ ಬೀಗ. ಅದು ತೆರೆದಿದ್ದರೆ ಹೊಗೆ ಆಚೆ ಹೋಗಿ, ಗೋಡೆ ಹಿಡಿದು ಮೇಲೇರಿ, ಮಹಡಿಯ ಕಿಟಕಿಗಳ ಒಳಗೆ ನುಗ್ಗುತ್ತಿತ್ತು. ಅಲ್ಲಿ ಬಿಳಿ ಪರದೆಗಳಿದ್ದವು. ಯಜಮಾನನ ತಾಯಿ ಹಾಕಿಸಿದ್ದು. ನಾವು ಆಕೆಯನ್ನು ಮಹಡಿಯಮ್ಮ ಎನ್ನುತ್ತಿದ್ದೆವು. ಪರದೆ ಬೂದುಬಣ್ಣಕ್ಕೆ ತಿರುಗುತ್ತಿದೆ ಎಂದು ಮಹಡಿಯಮ್ಮ ಕೂಗಾಡಿದ್ದಕ್ಕೇ ಶಟರಿಗೆ ಬೀಗ ಬಿದ್ದದ್ದು.

ಪರದೆಗೆ ಹೊಗೆ ಆಗುವುದಿಲ್ಲ ಎಂದು ಆ ಮನೆಯವರಿಗೆ ಗೊತ್ತಿತ್ತು.

ಅವತ್ತು ಮನೆ ತಲುಪುವ ಹೊತ್ತಿಗೆ ನನ್ನ ಬಾಯಲ್ಲಿ ಹಳೇ ನಾಣ್ಯ ಚೀಪಿದ ಹಾಗೆ ರುಚಿ. ನೀರು ಕುಡಿದರೂ ಸಿಹಿ, ಅನ್ನ ಉಂಡರೂ ಸಿಹಿ. ಆಮೇಲೆ ಚಳಿ ಶುರುವಾಯಿತು. ಹಲ್ಲು ಕಟಕಟ. ಮಗಳು ಮನೆಯಲ್ಲಿದ್ದ ಎಲ್ಲ ಹೊದಿಕೆ ತಂದು ಹೊದಿಸಿದಳು. ಸಾಲದೆ ಒಗೆದ ಬಟ್ಟೆಯ ರಾಶಿ ಹಾಕಿದಳು. ಅದರ ಮೇಲೆ ತನ್ನ ಶಾಲೆಯ ಚೀಲವನ್ನೂ ಇಟ್ಟಳು.

"ಚೀಲ ಯಾಕೇ?"

"ಭಾರ ಇದ್ರೆ ನಡುಗಲ್ಲಮ್ಮ."

ನಡುಗಿತು. ಚೀಲವೂ ನಡುಗಿತು. ಒಳಗಿನ ಪೆನ್ಸಿಲ್ ಡಬ್ಬಿ ಗಿಲಗಿಲ ಎನ್ನುವುದು ಕೇಳಿ ಇಬ್ಬರಿಗೂ ನಗು ಬಂತು. ನಗಲು ಹೋಗಿ ನನಗೆ ಉಸಿರು ಸಿಕ್ಕಲಿಲ್ಲ. ಎದೆಯನ್ನು ಯಾರೋ ಹಗ್ಗ ಹಾಕಿ ಬಿಗಿದ ಹಾಗಾಯಿತು. ಅವಳ ಮುಖದಲ್ಲಿದ್ದ ನಗು ಹಾಗೇ ನಿಂತುಹೋಯಿತು. ಆಮೇಲಿಂದ ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಾಳೆ. ಉಸಿರು ಬರುತ್ತಿದೆಯೋ ಇಲ್ಲವೋ ನೋಡಲಿಕ್ಕೆ. ಹಾಗಂತ ಅವಳು ಹೇಳುವುದಿಲ್ಲ. ಚಳಿ ಅನ್ನುತ್ತಾಳೆ. ಸೆಕೆಗಾಲದಲ್ಲೂ.

ಬೆಳಿಗ್ಗೆ ಜ್ವರ ಬಿಟ್ಟಿತ್ತು. ಎದ್ದು ಕೆಲಸಕ್ಕೆ ಹೋದೆ. ಸಂಜೆ ಮತ್ತೆ ಬಂತು. ಗಿಣಿಗೂ ಬಂದಿತ್ತು, ಉದ್ದಣ್ಣನಿಗೂ ಬಂದಿತ್ತು. ರಜೆಯ ದಿನ ಮನೆಯಲ್ಲಿದ್ದರೆ ಚೆನ್ನಾಗಿರುತ್ತಿದ್ದೆವು. ರಜೆ ಮುಗಿಸಿ ಹೋದ ದಿನವಂತೂ ಜಾಸ್ತಿ ಬಡಿಯುತ್ತಿತ್ತು. "ರಜೆ ಕೊಟ್ರೆ ಮೈ ಕೆಡತ್ತೆ ನೋಡಿ ನಿಮಗೆ" ಎಂದು ಯಜಮಾನ ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ ಹೇಳಿದ.

ಮಗಳು ಹಟ ಹಿಡಿದು ನನ್ನನ್ನು ನಮ್ಮ ಬೀದಿಯ ಕೊನೆಯಲ್ಲಿರುವ ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಇರಲಿಲ್ಲ. ದಪ್ಪ ಕನ್ನಡಕದ ನರ್ಸಮ್ಮ ಇದ್ದರು. ಎದೆಗೆ ಕೊಳವೆ ಇಟ್ಟು ಕೇಳಿದರು. ಏನು ಕೆಲಸ ಎಂದರು. ಹೇಳಿದೆ.

"ಏನು ಜಾಗ್ರತೆ ತಗೋತೀರಾ?"

"ದಿನಾ ಹಾಲು ಕುಡೀತೀನಿ ಸಿಸ್ಟರ್" ಎಂದೆ, ಹೆಮ್ಮೆಯಿಂದ.

ಅವರು ಕನ್ನಡಕ ತೆಗೆದರು. "ಹಾಲು ಎಲ್ಲಿಗೆ ಹೋಗತ್ತಮ್ಮ?"

"ಹೊಟ್ಟೆಗೆ."

"ಹೊಗೆ?"

ಹಿಂದೆ ನಿಂತಿದ್ದ ಮಗಳು ಗಂಟಲು ಸರಿಮಾಡಿಕೊಂಡಳು.

"ಬಾಯೊಳಗೆ ಎರಡು ದಾರಿ ಇದಾವೆ" ಎಂದರು ನರ್ಸಮ್ಮ. "ಒಂದು ಹೊಟ್ಟೆಗೆ, ಒಂದು ಶ್ವಾಸಕೋಶಕ್ಕೆ. ಹೊಗೆ ಹೋದ ದಾರೀಲಿ ಹಾಲು ಹೋದ್ರೆ ನೀವು ಸತ್ತೇ ಹೋಗ್ತೀರಾ. ಹಾಲು ಒಳ್ಳೇದೇ, ಮೂಳೆ ಗಟ್ಟಿ ಆಗತ್ತೆ. ಈ ಜ್ವರಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದು ಸತುವಿನ ಹೊಗೆ ಜ್ವರ. ಒಂದು ದಿನಕ್ಕೆ ಬಿಡತ್ತೆ. ಆದ್ರೆ ಹೀಗೇ ಹೊಗೆ ಕುಡೀತಾ ಹೋದ್ರೆ ಎದೆ ನಿಮ್ಮ ಮಾತು ಕೇಳಲ್ಲ."

"ಮತ್ತೇನು ಮಾಡ್ಬೇಕು ಸಿಸ್ಟರ್?"

"ಹೊಗೆ ಮೂಗಿಗೆ ಬರೋಕೆ ಮುಂಚೆ ಆಚೆ ಹೋಗ್ಬೇಕು. ಬಾಗಿಲು ತೆಗೀರಿ. ಬೆಸೆಯೋ ಜಾಗದ ಪಕ್ಕದಲ್ಲೇ ಹೊಗೆ ಎಳ್ಕೊಳ್ಳೋ ಫ್ಯಾನ್ ಇಡ್ಸಿ. ಬೆಸೆಯೋ ಕಡೆ ಮೇಲಿನ ಲೇಪ ಮೊದಲೇ ಉಜ್ಜಿ ತೆಗೀರಿ, ಆ ಧೂಳು ಕುಡೀಬೇಡಿ. ಹೊಗೆ ಮೇಲೆ ತಲೆ ಬಾಗ್ಸಬೇಡಿ. ಈ ಬಟ್ಟೆ ಕಟ್ಕೊಂಡ್ರೆ ಏನೂ ನಿಲ್ಲಲ್ಲ, ಅದಕ್ಕೆ ಅಂತಾನೇ ಫಿಲ್ಟರ್ ಇರೋ ಮಾಸ್ಕ್ ಬರತ್ತೆ."

ಹೊರಗೆ ಬಂದ ಮೇಲೆ ಮಗಳು ಏನೂ ಅನ್ನಲಿಲ್ಲ. ಅದೇ ಹೆಚ್ಚು ಉರಿಯಿತು.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದೆ. ಅನ್ನದ ಡಬ್ಬಿ ಹಿಡಿದುಕೊಂಡೇ ಗಿಣಿ, "ಗೆದ್ದ ಮೇಲೆ ಹೇಳ್ತೀಯಲ್ಲಕ್ಕ" ಎಂದಳು.

ಉದ್ದಣ್ಣ ಒಪ್ಪಲಿಲ್ಲ. "ನರ್ಸಮ್ಮ ವೆಲ್ಡಿಂಗ್ ಮಾಡಿದಾಳಾ?"

"ಇಲ್ಲ. ವೆಲ್ಡರುಗಳಿಗೆ ಇಂಜೆಕ್ಷನ್ ಕೊಟ್ಟಿದಾಳೆ."

"ಹೊಗೆ ಮೇಲೆ ಬಾಗಬೇಡಿ ಅಂದ್ರೆ? ನಾನು ಇರೋದೇ ಇಷ್ಟುದ್ದ. ಉದ್ದ ತೆಗೆದು ಎಲ್ಲಿಡ್ಲಿ?"

ಆದರೂ ಅವನು ಅನ್ನ ಬಿಟ್ಟು ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತ. ಗುರುವಿನ ನೆನಪಾಗಿರಬೇಕು. ಇಷ್ಟು ವರ್ಷ ಹಾಲು ಸಾಲಲಿಲ್ಲ ಎಂದು ನಂಬಿಕೊಂಡು ಸಮಾಧಾನ ಮಾಡಿಕೊಂಡಿದ್ದ. ಈಗ ಆ ಸಮಾಧಾನವನ್ನೂ ನಾನು ಕಿತ್ತುಕೊಂಡಿದ್ದೆ.

ಮತ್ತೆ ಯಜಮಾನನ ಮುಂದೆ ಹೋಗಿ ನಿಂತೆವು. ಈ ಸಲ ಎಲ್ಲರೂ.

"ಸಾರ್, ಶಟರ್ ತೆಗೆಸಿ. ಹೊಗೆ ಎಳೆಯೋ ಫ್ಯಾನ್ ಹಾಕ್ಸಿ."

"ಹಾಲು ಕೊಡ್ತಾ ಇಲ್ವಾ?"

"ಹಾಲಿಂದ ಏನೂ ಆಗಲ್ವಂತೆ ಸಾರ್."

"ನೀವೇ ಕೇಳಿದ್ರಿ. ಕೆಲಸ ನಿಲ್ಸಿ ಕೇಳಿದ್ರಿ. ಕೊಟ್ಟೆ. ಈಗ ಬೇಡ ಅಂದ್ರೆ? ನಾಳೆ ಫ್ಯಾನ್ ಕೊಡ್ತೀನಿ, ಅದೂ ಬೇಡ ಅಂತೀರಾ."

"ಅನ್ನಲ್ಲ ಸಾರ್."

"ಹಾಲು ಸಾಲ್ತಾ ಇಲ್ಲ, ಅಷ್ಟೇ" ಎಂದು ಅವನೇ ತೀರ್ಮಾನ ಮಾಡಿದ. "ಬೆಳಿಗ್ಗೇನೂ ಕೊಡ್ಸ್ತೀನಿ. ಸಕ್ಕರೆ ಹಾಕ್ಸ್ತೀನಿ."

ಹಾಗೆ ನಮಗೆ ದಿನಕ್ಕೆ ಎರಡು ಸಲ ಹಾಲು ಬಂತು. ಕೆಮ್ಮಿದವರಿಗೆ ಮೂರನೆಯದೂ ಬಂತು. ಶೆಡ್ಡಿನಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಮೇಸ್ತ್ರಿ ಲೋಟ ಹಿಡಿದು ಓಡಿಬರುತ್ತಿದ್ದ. ಬೇಡ ಅನ್ನುವ ಹಾಗಿಲ್ಲ. ಎದುರಿಗೆ ನಿಂತು ಕುಡಿಸಿಯೇ ಹೋಗಬೇಕೆಂದು ಅವನಿಗೆ ಹುಕುಂ ಆಗಿತ್ತು. ನೀರು ಯಾವ ನಲ್ಲಿಯದೋ ಏನೋ, ಒಂದು ವಾರದಲ್ಲಿ ಎಲ್ಲರ ಹೊಟ್ಟೆ ಕೆಟ್ಟಿತು. ಶೆಡ್ಡಿಗೆ ಇದ್ದದ್ದು ಒಂದೇ ಕಕ್ಕಸು. ಅದರ ಮುಂದೆ ಸಾಲು. ಆಸ್ಪತ್ರೆಯ ಹಿಡಿಕಂಬಿಗಳು ಅರ್ಧರ್ಧ ನಿಂತವು. ವಿಚಿತ್ರವೆಂದರೆ ಆ ವಾರ ನಮಗೆಲ್ಲ ಜ್ವರ ಕಡಿಮೆ ಬಂತು. ಕಕ್ಕಸಿನ ಮುಂದೆ ನಿಂತವರಿಗೆ ಹೊಗೆ ತಾಗುವುದಿಲ್ಲವಲ್ಲ. ಯಜಮಾನ ಅದನ್ನು ಹಾಲಿನ ಗುಣ ಎಂದ.

ಮೇಸ್ತ್ರಿ ಕೆಟ್ಟವನಲ್ಲ. ಯಜಮಾನನಿಗೂ ನಮಗೂ ನಡುವೆ ಸಿಕ್ಕಿಕೊಂಡವನು. ಒಂದು ಮಧ್ಯಾಹ್ನ ಅವನು ತಾನೇ ಒಂದು ಉಪಾಯ ಹುಡುಕಿಕೊಂಡು ಬಂದ.

"ಗಾಳಿ ತಾನೇ ಬೇಕು ನಿಮಗೆ? ಮೂಲೇಲಿ ಕಬ್ಬಿಣ ಕತ್ತರಿಸೋ ಆಕ್ಸಿಜನ್ ಸಿಲಿಂಡರ್ ಇದೆ. ಆಸ್ಪತ್ರೇಲಿ ಅದನ್ನೇ ಅಲ್ವಾ ಕೊಡೋದು? ಸ್ವಲ್ಪ ತಿರುಗಿಸಿ ಬಿಟ್ರೆ ಶೆಡ್ಡೆಲ್ಲ ತಂಪು."

ಹೇಳಿ ಆ ಕಡೆ ನಡೆದೇಬಿಟ್ಟ. ಉದ್ದಣ್ಣ ಎರಡು ಹೆಜ್ಜೆಯಲ್ಲಿ ಹೋಗಿ ಅವನ ಕೈ ಹಿಡಿದ.

"ಬಿಡು ಮೇಸ್ತ್ರಿ, ಬಿಡು. ಪಕ್ಕದಲ್ಲಿ ಕಿಡಿ ಹಾರ್ತಾ ಇದೆ. ಅದನ್ನ ಬಿಟ್ರೆ ನಮ್ಮ ಬಟ್ಟೆ, ಕೂದಲು, ನಿನ್ನ ಮೀಸೆ, ಎಲ್ಲ ಒಂದೇ ಸಲ ಹೊತ್ಕೊಳ್ಳತ್ತೆ. ಕೆಮ್ಮೇನೋ ವಾಸಿ ಆಗತ್ತೆ. ಎಲ್ಲರದೂ."

ಮೇಸ್ತ್ರಿ ಮೀಸೆ ಮುಟ್ಟಿ ನೋಡಿಕೊಂಡು ವಾಪಸ್ಸು ಹೋದ. ಸ್ವಲ್ಪ ಹೊತ್ತಿನಲ್ಲಿ ಹಾಲು ತಂದ.

ಆ ಹಾಲನ್ನು ಉದ್ದಣ್ಣ ಕುಡಿಯಲಿಲ್ಲ. ಬೇಕೆಂದಲ್ಲ, ಕೆಲಸದಲ್ಲಿ ಮರೆತ. ಲೋಟವನ್ನು ಬೆಂಚಿನ ತುದಿಯಲ್ಲಿಟ್ಟು ಬೆಸೆಯುತ್ತಾ ಹೋದ, ನಾನು ಹಿಡಿಯುತ್ತಾ ಹೋದೆ. ಕೆಲಸ ಬಿಡುವ ಹೊತ್ತಿಗೆ ಮೇಸ್ತ್ರಿ ಬಂದು ನೋಡಿದ.

"ಯಾರದ್ದು ಇದು? ಹಾಲು ಹೀಗೆ ಬಿಡ್ತಾರಾ? ಕೆನೆ ಕಟ್ಟಿದೆ ನೋಡು" ಎಂದು ಬೆರಳು ಹಾಕಿ ಕೆನೆ ಎತ್ತಿದ. ಬಾಯಿಯ ಹತ್ತಿರ ಒಯ್ದ. ನಿಂತ.

ಕೆನೆಯಲ್ಲ ಅದು. ಬೂದು ಬಣ್ಣದ ಪದರ. ಅದರಲ್ಲಿ ಬಿಳಿ ಎಳೆಗಳು, ಕಪ್ಪು ಚುಕ್ಕೆಗಳು. ಬೆರಳಿನಲ್ಲಿ ಉಜ್ಜಿದರೆ ಸಣ್ಣ ಮರಳಿನ ಹಾಗೆ.

ಎಲ್ಲರೂ ಸುತ್ತ ಬಂದು ನಿಂತೆವು. ನಾನು ಲೋಟದ ಬಾಯಿ ನೋಡಿದೆ. ಉದ್ದಣ್ಣನ ಬಾಯಿ ನೋಡಿದೆ. ಲೋಟ ಸುಮ್ಮನೆ ಕೂತಿತ್ತು. ಅದು ಉಸಿರು ಎಳೆದಿರಲಿಲ್ಲ. ಆದರೂ ಅದರೊಳಗೆ ಇಷ್ಟು ಬಿದ್ದಿತ್ತು.

"ನಾಳೆ ಯಾರೂ ಹಾಲು ಕುಡೀಬೇಡಿ. ಬೆಂಚಿನ ಮೇಲಿಡಿ" ಎಂದೆ.

ಮಾರನೆಯ ಸಂಜೆ ಎಲ್ಲ ಲೋಟಗಳನ್ನೂ ತಟ್ಟೆಯಲ್ಲಿಟ್ಟುಕೊಂಡು ನಾನು, ಗಿಣಿ, ಉದ್ದಣ್ಣ ಯಜಮಾನನ ಮನೆಯ ಮೆಟ್ಟಿಲು ಹತ್ತಿದೆವು. ಆ ಮೆಟ್ಟಿಲಿನ ಕಂಬಿ ನಾನೇ ಹಿಡಿದು, ನಾನೇ ಉಜ್ಜಿದ್ದು. ಹತ್ತಿದ್ದು ಅದೇ ಮೊದಲು.

ಮಹಡಿಯಮ್ಮ ಬಾಗಿಲು ತೆಗೆದರು. ಮೊದಲು ನಮ್ಮ ಕಾಲು ನೋಡಿದರು, ಆಮೇಲೆ ನೆಲ ನೋಡಿದರು, ಆಮೇಲೆ ತಟ್ಟೆ.

"ಹಾಲಿಗೆ ಯಾಕೆ ಬೂದಿ ಹಾಕಿದೀರಾ?"

"ಬೂದಿ ಅಲ್ಲಮ್ಮ. ಗಾಳಿ. ಕೆಳಗಿನ ಗಾಳಿ" ಎಂದೆ.

"ಇದನ್ನ ಕುಡೀತೀರಾ ನೀವು?"

"ಕುಡಿಯಲ್ಲಮ್ಮ. ಉಸಿರಾಡ್ತೀವಿ."

ಯಜಮಾನ ಒಳಗಿಂದ ಬಂದ. ಮನೆಯ ಬಟ್ಟೆಯಲ್ಲಿ ಅವನು ಸಣ್ಣಗೆ ಕಾಣುತ್ತಿದ್ದ. ನಾನು ಒಂದು ಲೋಟ ಮುಂದೆ ಹಿಡಿದೆ.

"ಒಂದು ಗುಟುಕು ಕುಡೀರಿ ಸಾರ್. ನೀವು ಕುಡಿದ್ರೆ ನಾವು ಶಟರ್ ಮಾತೇ ಎತ್ತಲ್ಲ."

"ತಲೆ ಕೆಟ್ಟಿದ್ಯಾ ನಿಂಗೆ? ಇದನ್ನ ಕುಡಿದ್ರೆ ನಾನು ಆಸ್ಪತ್ರೆ ಸೇರ್ತೀನಿ."

ಗಿಣಿ ಕಾದಿದ್ದಳು. ಅವನದೇ ಗಂಟಲು, ಅವನದೇ ಹುಬ್ಬು. "ಇದನ್ನ ಕುಡಿದ್ರೆ ನಾನು ಆಸ್ಪತ್ರೆ ಸೇರ್ತೀನಿ" ಎಂದಳು. ಈ ಸಲ ಯಾರೂ ನಗಲಿಲ್ಲ. ಅವನ ಮಾತು ಅವನಿಗೇ ಕೇಳಿಸಿತು. ಒಂದು ಕ್ಷಣ ಅವನು ತಾಯಿಯ ಕಡೆ ನೋಡಿದ. ಏನಾದರೂ ಹೇಳು ಎನ್ನುವ ಹಾಗೆ.

ಮಹಡಿಯಮ್ಮ ಹೇಳಿದರು. "ಕೆಳಗಿನ ಗಾಳಿ ಕೆಳಗೇ ಇರ್ಲಿ ತಾಯಿ. ಲೋಟ ಮಾತ್ರ ಇಲ್ಲಿಟ್ಟು ಹೋಗು. ಅವು ನಮ್ಮನೇವು."

ಯಜಮಾನನಿಗೆ ಧೈರ್ಯ ಬಂತು. "ನಾಳೆಯಿಂದ ಹಾಲು ಬಂದ್. ಇಷ್ಟ ಇದ್ದೋರು ಕೆಲಸ ಮಾಡಿ. ಕಷ್ಟ ಆದೋರು ಬೇರೆ ಕಡೆ ನೋಡ್ಕೊಳ್ಳಿ. ಶಟರ್ ಮಾತ್ರ ತೆಗೆಯಲ್ಲ." ಬಾಗಿಲು ಹಾಕಿಕೊಂಡ.

ತಟ್ಟೆಯನ್ನು ಬಾಗಿಲ ಮುಂದೆ ಇಟ್ಟೆವು. ಲೋಟಗಳು ಅವರವೇ. ಅವುಗಳೊಳಗಿದ್ದದ್ದೂ ಅವರದೇ.

ಮೆಟ್ಟಿಲು ಇಳಿದೆವು. ಕೆಲಸ ಹೋದರೆ ಬೇರೆ ಕಡೆ ನೋಡಿಕೊಳ್ಳಬೇಕು, ಸರಿ. ಬೇರೆ ಕಡೆಯೂ ಹೊಗೆ ಇದೆ. ಅಲ್ಲಿಯೂ ಯಾರದ್ದೋ ಪರದೆ ಇರುತ್ತದೆ. ಎಲ್ಲಿಯವರೆಗೆ ಓಡುವುದು? ಬೆನ್ನ ಮೇಲೆ ಮಗಳ ಕೈ ಇದ್ದ ಜಾಗ ಬಿಸಿಯಾಗಿತ್ತು.

ಶೆಡ್ಡಿಗೆ ಬಂದು ಗ್ರೈಂಡರು ಎತ್ತಿಕೊಂಡೆ. ಕತ್ತರಿಸುವ ಚಕ್ರ ಹಾಕಿದೆ. ಶಟರಿನ ಮುಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತೆ.

"ಅಕ್ಕ, ಏನ್ ಮಾಡ್ತಾ ಇದೀಯಾ?" ಎಂದ ಮೇಸ್ತ್ರಿ.

"ಕಷ್ಟ ಆಗ್ತಾ ಇದೆ ಮೇಸ್ತ್ರಿ. ಬೇರೆ ಕಡೆ ನೋಡ್ತಾ ಇದೀನಿ."

ಬೀಗ ಗಟ್ಟಿ ಇತ್ತು. ಕಿಡಿ ನನ್ನ ತೋಳಿಗೆ ಹಾರಿತು. ಹಾರಲಿ ಎಂದು ಬಿಟ್ಟೆ. ಬೀಗ ತುಂಡಾಗಿ ನೆಲಕ್ಕೆ ಬಿದ್ದಾಗ ಗಿಣಿ ಅದನ್ನು ಕಾಲಿನಿಂದ ಮೂಲೆಗೆ ಒದ್ದಳು. ಎಲ್ಲರೂ ಸೇರಿ ಶಟರು ಎತ್ತಿ ಹಿಡಿದೆವು. ಗಲ್ಲಿಯ ಗಾಳಿ ಒಳಗೆ ಬಂತು. ಚರಂಡಿಯ ವಾಸನೆ, ಯಾರದೋ ಮನೆಯ ಸಾಬೂನಿನ ವಾಸನೆ. ಅಷ್ಟು ಒಳ್ಳೆಯ ವಾಸನೆ ನಾನು ಮೂಗಿಗೆ ಎಳೆದುಕೊಂಡೇ ಇರಲಿಲ್ಲ.

"ನಾಳೆ ಹೊಸ ಬೀಗ ತರ್ತಾನೆ" ಎಂದ ಮೇಸ್ತ್ರಿ, ನಿಟ್ಟುಸಿರು ಬಿಟ್ಟು. ಅವನು ಹೇಳಿದ್ದು ನಿಜ. ಬೀಗ ಅಂಗಡಿಯಲ್ಲಿ ಸಿಗುತ್ತದೆ.

ಉದ್ದಣ್ಣ ಸ್ವಲ್ಪ ಹೊತ್ತು ಶಟರನ್ನು ನೋಡಿದ. ಅದರ ಕೊನೆಯ ಪಟ್ಟಿ ಅವನ ತಲೆಯ ಮಟ್ಟಕ್ಕಿತ್ತು. ಎರಡು ಬದಿಯ ಕಂಬಗಳನ್ನು ನೋಡಿದ. ಹೆಲ್ಮೆಟ್ಟು ಎತ್ತಿಕೊಂಡ.

"ಅಕ್ಕ, ಈ ಪಟ್ಟೀನೂ ಜಿಐ ಅಲ್ವಾ? ಎರಡು ಕಡೇನೂ ಮೇಲಿನ ಲೇಪ ಉಜ್ಜಿ ಕೊಡು. ನರ್ಸಮ್ಮ ಹೇಳಿದ ಹಾಗೆ."

ಆಗ ಅರ್ಥವಾಯಿತು. ಏಣಿ ಹಾಕಿಕೊಂಡು, ಧೂಳು ಗಲ್ಲಿಯ ಕಡೆ ಹೋಗುವ ಹಾಗೆ ಮೈ ತಿರುಗಿಸಿ ನಿಂತು ಉಜ್ಜಿದೆ. ಲೇಪ ಹೋಗಿ ಕೆಳಗಿನ ಕಬ್ಬಿಣ ಕಾಣುವವರೆಗೆ. ಉದ್ದಣ್ಣ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಬೆರಳು ಒದ್ದೆ ಮಾಡಿ ನೋಡಿದ. ಅದಕ್ಕೆ ಅಡ್ಡಲಾಗಿ ನಿಂತ. ತಲೆ ಬಾಗಿಸಲಿಲ್ಲ. ಬಾಗಿಸುವ ಅಗತ್ಯವೂ ಇರಲಿಲ್ಲ. ಮೊದಲ ಸಲ ಅವನ ಉದ್ದ ಉಪಯೋಗಕ್ಕೆ ಬಂತು. ಪಟ್ಟಿಯನ್ನು ಬಲಗಡೆಯ ಕಂಬಕ್ಕೆ ಬೆಸೆದ, ಎಡಗಡೆಯ ಕಂಬಕ್ಕೆ ಬೆಸೆದ. ನಾನು ಕಣ್ಣು ಮುಚ್ಚಿ ಹಿಡಿದಿದ್ದೆ. ಬೆಂಕಿ ಆರಿದ ಮೇಲೆ ಕಣ್ಣು ತೆಗೆದರೆ ಹೊಗೆ ಆಗಲೇ ಗಲ್ಲಿಯಲ್ಲಿತ್ತು. ನಮ್ಮ ಶೆಡ್ಡಿನಲ್ಲಿ ಪದ್ಧತಿ ಪ್ರಕಾರ ಮಾಡಿದ ಮೊದಲ ವೆಲ್ಡಿಂಗು ಅದು.

ಸದ್ದು ಕೇಳಿ ಯಜಮಾನ ಇಳಿದು ಬಂದ. ತೆರೆದ ಶಟರು ನೋಡಿದ. ಕೆಳಗೆ ಎಳೆಯಲು ನೋಡಿದ. ನೇತಾಡಿದ. ಅದು ಅಲ್ಲಾಡಲಿಲ್ಲ.

"ಕಳ್ಳರು ಬರ್ತಾರೆ ರಾತ್ರಿ" ಎಂದ.

"ಒಳಗಿರೋ ಪೈಪಲ್ಲಿ ಕಂಬಿ ಬಾಗಿಲು ಮಾಡಿ ನಿಲ್ಲಿಸ್ತೀವಿ ಸಾರ್" ಎಂದ ಉದ್ದಣ್ಣ. "ಕಳ್ಳ ಬರಲ್ಲ. ಗಾಳಿ ಬರತ್ತೆ. ಇವತ್ತೇ ಮಾಡ್ತೀವಿ."

"ಮೇಸ್ತ್ರಿ, ಕಡಿ ಅದನ್ನ. ಈಗಲೇ ಕಡಿ."

ಮೇಸ್ತ್ರಿ ಬಂದು ಬೆಸುಗೆ ನೋಡಿದ. ಬೆರಳಾಡಿಸಿ ನೋಡಿದ. ಕಸುಬುದಾರನ ಕಣ್ಣು ಅದು, ಮೆಚ್ಚಿಗೆಯನ್ನು ಬಚ್ಚಿಡಲು ಆಗಲಿಲ್ಲ.

"ಕಡೀಬಹುದು ಸಾರ್. ಆದ್ರೆ ಕಡಿದ ಕೂಡ್ಲೇ ಇಡೀ ಶಟರ್ ಧಡ್ ಅಂತ ಬೀಳತ್ತೆ. ಕಡಿಯೋವಾಗ ಯಾರಾದ್ರೂ ಹಿಡ್ಕೋಬೇಕು."

ಯಜಮಾನ ನನ್ನ ಕಡೆ ನೋಡಿದ. ನಾನು ಗ್ರೈಂಡರನ್ನು ನೆಲಕ್ಕಿಟ್ಟು ಕೈ ಕಟ್ಟಿಕೊಂಡೆ. ಅವನು ಗಿಣಿಯ ಕಡೆ ನೋಡಿದ. ಅವಳೂ ಕಟ್ಟಿಕೊಂಡಳು. ವೆಲ್ಡರುಗಳ ಕಡೆ ನೋಡಿದ. ಒಬ್ಬೊಬ್ಬರೇ ಕೈ ಕಟ್ಟಿಕೊಂಡರು. ಉದ್ದಣ್ಣನಿಗೆ ಹೆಲ್ಮೆಟ್ಟು ಅಡ್ಡ ಬಂತು. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಟ್ಟಿಕೊಂಡ.

"ಆಸ್ಪತ್ರೆಯೋರು ನಾಡಿದ್ದು ಹಿಡಿಕಂಬಿ ನೋಡೋಕೆ ಬರ್ತಾರೆ ಸಾರ್" ಎಂದು ಮೇಸ್ತ್ರಿ ಮೆಲ್ಲಗೆ ನೆನಪಿಸಿದ. ಆಮೇಲೆ, ನಿಜವಾಗಿಯೂ ಸಹಾಯ ಮಾಡಬೇಕೆನ್ನುವ ಮುಖದಲ್ಲಿ ಕೇಳಿದ, "ನೀವು ಹಿಡ್ಕೋತೀರಾ ಸಾರ್?"

ಯಜಮಾನ ತನ್ನ ಎರಡು ಕೈಗಳನ್ನು ನೋಡಿಕೊಂಡ. ಶಟರಿನ ಭಾರ ನೋಡಿದ. ಮೆಟ್ಟಿಲ ಕಡೆ ಹೋದ.

ಕಂಬಿ ಬಾಗಿಲಿನ ಕೆಲಸ ಶುರು ಮಾಡಿದೆವು. ನಾನು ಪೈಪಿನ ತುದಿ ಉಜ್ಜಿ ಕೊಟ್ಟೆ, ಗಿಣಿ ಹಿಡಿದಳು, ಉದ್ದಣ್ಣ ಕಿಡಿ ಹಚ್ಚಿದ. ಹೊಗೆ ಎದ್ದಿತು. ಒಂದು ಕ್ಷಣ ಅಭ್ಯಾಸಬಲದಿಂದ ನಮ್ಮ ಮುಖದ ಕಡೆ ಬಂತು. ಆಮೇಲೆ ಗಾಳಿ ಅದರ ಕುತ್ತಿಗೆ ಹಿಡಿದು ಆಚೆ ಎಳೆದುಕೊಂಡು ಹೋಯಿತು. ಗಲ್ಲಿಗೆ ಇಳಿದು, ಗೋಡೆ ಹಿಡಿದು, ಮೇಲಕ್ಕೆ.

ಮೇಲೆ ಮಹಡಿಯಮ್ಮ ಏನೋ ಕೂಗುವುದು ಕೇಳಿಸಿತು. "ಕೊಳವೆ ಹಾಕ್ಸೋ, ಫ್ಯಾನ್ ಹಾಕ್ಸೋ, ಎಷ್ಟಾದ್ರೂ ಆಗ್ಲಿ, ನಾಳೇನೇ ಹಾಕ್ಸೋ" ಎಂದು ಮಗನಿಗೆ ಹೇಳುತ್ತಿದ್ದರು. ಆಮೇಲೆ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುವ ಸದ್ದು.

ಅವರಿಗೆ ಮುಚ್ಚಿಕೊಳ್ಳಲು ಕಿಟಕಿಗಳಿದ್ದವು.